ಈಜು ಬಾರದವರೂ ನೇತ್ರಾಣಿಯ ಹವಳ ನೋಡಿ ಬರುವುದು ಹೇಗೆ? ದಾವಣಗೆರೆ, ಚಿತ್ರದುರ್ಗದವರಿಗೊಂದು ಮಾರ್ಗದರ್ಶಿ

"ಈಜು ಬರೋದಿಲ್ಲ, ನೇತ್ರಾಣಿಗೆ ಹೋಗಬಹುದಾ?" "ಬೋಟಲ್ಲಿ ವಾಂತಿ ಆಗುತ್ತಂತೆ, ಹೌದಾ?" "ಬೆಳಗಿನ ಜಾವ ದಾವಣಗೆರೆ ಬಿಟ್ಟು ರಾತ್ರಿಗೆ ವಾಪಸ್ ಬರಬಹುದಾ?" ಚಳಿಗಾಲ ಹತ್ತಿರವಾದಂತೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವು ಮೂರೇ. ಉತ್ತರ ಕ್ರಮವಾಗಿ ಹೀಗಿದೆ: ಹೋಗಬಹುದು, ತಯಾರಿ ಇಲ್ಲದಿದ್ದರೆ ಆಗುತ್ತದೆ, ಬೇಡ.

ಮೊದಲು ಎಲ್ಲಿಗೆ ಹೋಗುತ್ತಿದ್ದೀರಿ ಎಂಬುದು ಸ್ಪಷ್ಟವಾಗಲಿ. ನೇತ್ರಾಣಿ ಉತ್ತರ ಕನ್ನಡದ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಅರಬ್ಬಿ ಸಮುದ್ರದೊಳಗಿರುವ ಕಲ್ಲಿನ ದ್ವೀಪ. ಪಾರಿವಾಳ ದ್ವೀಪ ಎಂಬ ಹೆಸರೂ ಇದೆ. ಮೇಲಿಂದ ನೋಡಿದರೆ ಹೃದಯದ ಆಕಾರ ಕಾಣುವ ಫೋಟೋ ನೀವೂ ನೋಡಿರುತ್ತೀರಿ. ಆ ಫೋಟೋ ನೋಡಿ ದ್ವೀಪದ ಮೇಲೆ ಓಡಾಡಬಹುದು, ಮರಳಿನ ಮೇಲೆ ಕೂತು ಬುತ್ತಿ ಬಿಚ್ಚಬಹುದು ಅಂದುಕೊಂಡು ಹೋಗಬೇಡಿ. ಅಲ್ಲಿ ಮರಳಿನ ದಂಡೆ ಇಲ್ಲ, ದಡವೆಲ್ಲ ಕಡಿದಾದ ಬಂಡೆ. ನೌಕಾಪಡೆ ಹಿಂದೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಅದು, ಪ್ರವಾಸಿಗರನ್ನು ಇಳಿಸುವುದಿಲ್ಲ. ಬೋಟು ದ್ವೀಪದ ಪಕ್ಕ ನಿಲ್ಲುತ್ತದೆ, ನೀವು ಬೋಟಿನಿಂದ ನೀರಿಗೆ ಇಳಿಯುತ್ತೀರಿ, ಮತ್ತೆ ಬೋಟಿಗೇ ಹತ್ತುತ್ತೀರಿ. ಕಾಲಿಗೆ ನೆಲ ಸಿಗುವುದು ಮುರುಡೇಶ್ವರಕ್ಕೆ ಬಂದ ಮೇಲೇ. ದ್ವೀಪದ ಮೇಲೆ ನಡೆಯಲೇಬೇಕು ಎನ್ನುವವರಿಗೆ ಮರುದಿನ ಮಲ್ಪೆಯ ಸೇಂಟ್ ಮೇರೀಸ್ ಸೇರಿಸಿಕೊಳ್ಳುವ ದಾರಿಯನ್ನು ಕೊನೆಗೆ ಹೇಳಿದ್ದೇವೆ.

ಸ್ನಾರ್ಕೆಲಿಂಗ್ ಎಂದರೆ ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲು ತೇಲುತ್ತಾ ಕೆಳಗಿನದ್ದನ್ನು ನೋಡುವುದು. ಆ ಕೊಳವೆಯೇ ಸ್ನಾರ್ಕೆಲ್. ಸ್ಕೂಬಾ ಬೇರೆ: ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವುದು. ಒಂದೇ ಬೋಟಿನಲ್ಲಿ ಎರಡೂ ಗುಂಪಿನವರು ಇರುತ್ತಾರೆ. ಈ ಲೇಖನ ತೇಲುವವರಿಗೆ. ಇದರಲ್ಲಿ ಈಜುವ ಕೆಲಸ ತೀರಾ ಕಡಿಮೆ. ಬಾವಿಯಲ್ಲಿ, ನಾಲೆಯಲ್ಲಿ ಕೈ ಬಡಿದು ಈಜಿ ಪಳಗಿದವರೇ ಇಲ್ಲಿ ಬೇಗ ದಣಿಯುತ್ತಾರೆ. ಈಜು ಬಾರದೆ ಲೈಫ್ ಜಾಕೆಟ್ ನಂಬಿ ಸುಮ್ಮನೆ ಬಿದ್ದುಕೊಂಡವರು ಆರಾಮಾಗಿ ನೋಡಿ ಬರುತ್ತಾರೆ.

ಹಂತ 1: ದಿನ ಆರಿಸಿಕೊಳ್ಳಿ

ಮಳೆಗಾಲದಲ್ಲಿ ಬೋಟು ಇಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಆಗಸ್ಟ್‌ನಲ್ಲಿ ನಿಷೇಧ ಮುಗಿದರೂ ಕಡಲು ಇನ್ನೂ ಒರಟು, ನೀರು ಕೆಂಪು. ಪ್ರವಾಸದ ಕಾಲ ಅಕ್ಟೋಬರ್‌ನಿಂದ ಮೇ. ಅದರೊಳಗೂ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳನ್ನೇ ನೋಡಿ. ಹೊಳೆಗಳು ತಂದ ಮಣ್ಣು ಅಷ್ಟರಲ್ಲಿ ತಳ ಸೇರಿರುತ್ತದೆ, ಗಾಳಿ ಹದವಾಗಿರುತ್ತದೆ.

ಹೊರಡುವ ಎರಡು ದಿನ ಮೊದಲು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸುವ ಕಡಲ ಮುನ್ಸೂಚನೆಯಲ್ಲಿ ಉತ್ತರ ಕನ್ನಡದ ಅಲೆಯ ಎತ್ತರ ನೋಡಿಕೊಳ್ಳಿ. ಒಂದು ಮೀಟರಿನೊಳಗಿದ್ದರೆ ಹೊಸಬರಿಗೆ ಒಳ್ಳೆಯ ದಿನ. ಒಂದೂವರೆ ದಾಟಿದರೆ ಬೋಟು ಹೊರಟರೂ ನಿಮಗೆ ಸುಖ ಇಲ್ಲ; ದಿನ ಬದಲಿಸಲು ಕೇಳಿ. ಆಕಾಶ ನಿರ್ಮಲವಾಗಿದೆ ಅಂದಮಾತ್ರಕ್ಕೆ ಕಡಲು ಶಾಂತ ಎಂದು ಲೆಕ್ಕ ಹಾಕಬೇಡಿ. ನೂರಾರು ಮೈಲಿ ಆಚೆ ಎದ್ದ ಗಾಳಿಯ ಅಲೆ ಇಲ್ಲಿ ಬಿಸಿಲಿನ ದಿನವೂ ಬಂದು ಮುಟ್ಟುತ್ತದೆ.

ಬೆಳಗಿನ ಬೋಟನ್ನೇ ಹಿಡಿಯಿರಿ. ಬಿಸಿಲೇರಿದಂತೆ ನೆಲ ಕಾದು, ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ದಡಕ್ಕೆ ಗಾಳಿ ಬೀಸಲು ಶುರುವಾಗುತ್ತದೆ. ನೀರಿನ ಮೇಲ್ಮೈ ಒಡೆಯುವುದು ಆಗಲೇ.

ಹಂತ 2: ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು

ಕಾಯ್ದಿರಿಸುವಾಗ ಎಲ್ಲರೂ ರೇಟು ಕೇಳುತ್ತಾರೆ, ಉಳಿದದ್ದು ಬಿಡುತ್ತಾರೆ. ಇವಿಷ್ಟನ್ನು ಫೋನಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

- ನೀರಿನಲ್ಲಿ ಎಷ್ಟು ನಿಮಿಷ? "ಇಡೀ ದಿನದ ಟ್ರಿಪ್" ಅಂದರೂ ನೀರಿನೊಳಗಿನ ಹೊತ್ತು ಅದರ ಸಣ್ಣ ಪಾಲು.
- ಸ್ನಾರ್ಕೆಲಿಂಗ್‌ನವರ ಜೊತೆ ನೀರಿಗೆ ಇಳಿಯುವ ಗೈಡ್ ಎಷ್ಟು ಜನ? ಈಜು ಬಾರದವರಿಗೆ ಒಬ್ಬ ಗೈಡಿಗೆ ಮೂರ್ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ ಯೋಚಿಸಿ.
- ಕಡಲು ಕೆಟ್ಟು ಬೋಟು ಹೊರಡದಿದ್ದರೆ ಹಣ ವಾಪಸ್ಸೋ, ಬೇರೆ ದಿನವೋ?
- ಬೋಟಿನಲ್ಲಿ ಶೌಚಾಲಯ ಇದೆಯೇ? ನೆರಳು ಇದೆಯೇ? ಮಹಿಳೆಯರು, ಹಿರಿಯರು ಇರುವ ಗುಂಪಿಗೆ ಇದು ಸಣ್ಣ ಪ್ರಶ್ನೆ ಅಲ್ಲ.
- ಮಕ್ಕಳ ಅಳತೆಯ ಮಾಸ್ಕ್, ಜಾಕೆಟ್ ಇದೆಯೇ? ದೊಡ್ಡವರ ಮಾಸ್ಕ್ ಮಕ್ಕಳ ಮುಖಕ್ಕೆ ಎಷ್ಟು ಬಿಗಿದರೂ ಕೂರುವುದಿಲ್ಲ.
- ಬೋಟು ಹತ್ತದೆ ದಡದಲ್ಲೇ ಉಳಿಯುವವರಿಗೂ ಹಣ ಕಟ್ಟಬೇಕೇ?

ಆರೋಗ್ಯದ ಫಾರ್ಮ್ ಒಂದನ್ನು ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ಸುಳ್ಳು ಬರೆಯಬೇಡಿ. ಹೃದಯದ ತೊಂದರೆ, ಆಸ್ತಮಾ, ಮೂರ್ಛೆ ರೋಗ, ಈಚೆಗೆ ಆದ ಆಪರೇಷನ್, ಹತೋಟಿಗೆ ಬಾರದ ಬಿಪಿ ಇದ್ದವರು ಮೊದಲು ನಿಮ್ಮ ವೈದ್ಯರನ್ನು ಕೇಳಿ. ಗರ್ಭಿಣಿಯರು ಬೋಟಿನ ಕುಲುಕಾಟದ ದೃಷ್ಟಿಯಿಂದಲೇ ಈ ಟ್ರಿಪ್ ಮುಂದೂಡುವುದು ಲೇಸು, ಸ್ಕೂಬಾ ಅಂತೂ ಕೂಡದು. ಮುಟ್ಟಿನ ದಿನಗಳಲ್ಲಿ ಇಳಿಯಬಹುದೇ ಎಂದು ಕೇಳುವವರಿದ್ದಾರೆ. ಕಪ್ ಅಥವಾ ಟ್ಯಾಂಪೂನ್ ಬಳಸಿ ಅಭ್ಯಾಸ ಇದ್ದರೆ ಅಡ್ಡಿ ಇಲ್ಲ.

ಹಂತ 3: ಊರಲ್ಲೇ ಅಭ್ಯಾಸ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ನೀರಲ್ಲಿ ಗಾಬರಿ ಹುಟ್ಟುವುದೂ ಇದನ್ನು ಬಿಟ್ಟದ್ದರಿಂದಲೇ. ಮೂಗು ಮುಚ್ಚಿಕೊಂಡು ಬಾಯಲ್ಲಿ ಉಸಿರಾಡುವುದು ದೇಹಕ್ಕೆ ಹೊಸದು. ಮುಖಕ್ಕೆ ನೀರು ತಾಗಿದ ಕೂಡಲೇ ಉಸಿರು ತಾನಾಗಿ ಹಿಡಿಯುತ್ತದೆ. ಇದನ್ನು ಮೊದಲ ಸಲ ನಡುಗಡಲಿನಲ್ಲಿ ಕಲಿಯುವುದಕ್ಕಿಂತ ಮನೆಯ ಬಚ್ಚಲಲ್ಲಿ ಕಲಿಯುವುದು ಮೇಲು.

ಮಾಸ್ಕ್ ಮತ್ತು ಕೊಳವೆ ಇದ್ದರೆ ಅಗಲ ಬಾಯಿಯ ಬಕೆಟ್ ಅಥವಾ ಟಬ್‌ಗೆ ನೀರು ತುಂಬಿ, ಮಾಸ್ಕ್ ಹಾಕಿ, ಕೊಳವೆ ಕಚ್ಚಿ, ಮುಖ ಅದ್ದಿ ಐದು ನಿಮಿಷ ಉಸಿರಾಡಿ. ಎಣಿಸಿಕೊಂಡು ಮಾಡಿ: ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಧಾನ, ಆಳ. ಕಾರಣ ಇದೆ: ನೀವು ಬಿಟ್ಟ ಉಸಿರಿನ ಒಂದು ಪಾಲು ಕೊಳವೆಯಲ್ಲೇ ಉಳಿದು, ಮುಂದಿನ ಉಸಿರಿನ ಜೊತೆ ವಾಪಸ್ ಒಳಗೆ ಬರುತ್ತದೆ. ಸಣ್ಣ ಸಣ್ಣ ಏದುಸಿರು ಎಳೆದರೆ ಹಳೆಯ ಗಾಳಿಯೇ ಸುತ್ತಿ, ಇಂಗಾಲದ ಡೈಆಕ್ಸೈಡ್ ಸೇರಿ, ಉಸಿರು ಕಟ್ಟಿದಂತಾಗುತ್ತದೆ. ಆಗ ಮನುಷ್ಯ ಇನ್ನೂ ಜೋರಾಗಿ ಏದುತ್ತಾನೆ. ಗಾಬರಿಯ ಸುಳಿ ಇದೇ. ಕೊಳವೆ ಇನ್ನಷ್ಟು ಉದ್ದ ಇದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರಿಗೂ ಉತ್ತರ ಇದೇ.

ಮಾಸ್ಕ್ ಇಲ್ಲದವರು ಬರೀ ಮೂಗು ಹಿಡಿದುಕೊಂಡು ದಿನಕ್ಕೆ ಐದು ನಿಮಿಷ ಬಾಯಲ್ಲಿ ಉಸಿರಾಡಿ ನೋಡಿ. ಅಷ್ಟಾದರೂ ಸಾಕು.

ಈಜುಕೊಳಕ್ಕೆ ಹೋಗುವ ಅವಕಾಶ ಇದ್ದರೆ ಎದೆಮಟ್ಟದ ನೀರಿನಲ್ಲಿ ಜಾಕೆಟ್ ಹಾಕಿ ಬೋರಲು ತೇಲುವುದನ್ನೂ, ಅದಕ್ಕಿಂತ ಮುಖ್ಯವಾಗಿ ತೇಲುತ್ತಿದ್ದವರು ನೆಟ್ಟಗೆ ನಿಲ್ಲುವುದನ್ನೂ ಕಲಿಯಿರಿ: ಮಂಡಿ ಎರಡನ್ನೂ ಹೊಟ್ಟೆಗೆ ಎಳೆದುಕೊಳ್ಳಿ, ಕೈಯಿಂದ ನೀರನ್ನು ಕೆಳಗೆ ಒತ್ತಿ, ತಲೆ ಎತ್ತಿ. ಭದ್ರಾ ನಾಲೆ, ಸೂಳೆಕೆರೆ, ವಾಣಿವಿಲಾಸ ಸಾಗರ ಅಭ್ಯಾಸದ ಜಾಗಗಳಲ್ಲ. ನಾಲೆಯಲ್ಲಿ ಸೆಳೆತ, ಪಾಚಿ ಹಿಡಿದ ಇಳಿಜಾರು. ಕೆರೆ ಜಲಾಶಯಗಳಲ್ಲಿ ಹೂಳು, ದಿಢೀರ್ ಆಳ, ಮಾಸ್ಕ್ ಹಾಕಿದರೂ ಅಂಗೈ ಕಾಣದ ನೀರು.

ಕಡಲು ಒಂದು ಕಡೆ ನಿಮಗೆ ಸಹಾಯಕ್ಕೇ ನಿಂತಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಬಾವಿ ನೀರಿಗಿಂತ ಅದು ಭಾರ, ಹಾಗಾಗಿ ಮೈ ಸುಲಭವಾಗಿ ತೇಲುತ್ತದೆ.

ಸ್ವಂತ ಮಾಸ್ಕ್ ಕೊಳ್ಳಬೇಕೇ? ಒಂದೇ ಸಲ ಹೋಗುವವರಿಗೆ ಬೇಡ, ಅಲ್ಲೇ ಕೊಡುತ್ತಾರೆ. ಮುಂದೆ ಅಂಡಮಾನ್‌ಗೂ ಹೋಗುವ ಯೋಚನೆ ಇದ್ದರೆ ಮಾಸ್ಕ್ ಮಾತ್ರ ಕೊಳ್ಳಿ. ನಿಮ್ಮ ಮುಖಕ್ಕೆ ಕೂರುವ ಮಾಸ್ಕಿನಷ್ಟು ಲಾಭದ ಖರ್ಚು ಇದರಲ್ಲಿ ಬೇರೆ ಇಲ್ಲ. ಹೊಸ ಮಾಸ್ಕಿನ ಗಾಜಿನ ಒಳಮೈಗೆ ಕಾರ್ಖಾನೆಯ ಜಿಡ್ಡಿನ ಪೊರೆ ಇರುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಉಜ್ಜಿ ಎರಡು ಮೂರು ಸಲ ತೊಳೆಯಿರಿ, ಇಲ್ಲವಾದರೆ ಎಷ್ಟು ಮಾಡಿದರೂ ಮಂಜು ಕಟ್ಟುತ್ತದೆ. ಇಡೀ ಮುಖ ಮುಚ್ಚುವ ಮಾಸ್ಕ್ ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ. ಅವಸರದಲ್ಲಿ ಬಾಯಿಂದ ಉಗುಳಿ ಬಿಡಲು ಅದರಲ್ಲಿ ಕೊಳವೆ ಇಲ್ಲ, ಪೂರ್ತಿ ಕಳಚಬೇಕು. ಅಗ್ಗದವುಗಳಲ್ಲಿ ಬಿಟ್ಟ ಉಸಿರು ಸರಿಯಾಗಿ ಹೊರಹೋಗದೆ ಸುತ್ತುವುದೂ ಉಂಟು.

ಕನ್ನಡಕದವರ ಗಮನಕ್ಕೆ: ಕನ್ನಡಕದ ಕಡ್ಡಿ ಮಾಸ್ಕಿನ ಅಂಚನ್ನು ಎತ್ತುವುದರಿಂದ ಒಳಗೆ ಹಾಕಲಾಗದು. ಆದರೆ ನೀರೊಳಗೆ ವಸ್ತುಗಳು ಇರುವುದಕ್ಕಿಂತ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಸಣ್ಣ ನಂಬರಿನವರಿಗೆ ಅದೇ ಸಾಕು. ದೊಡ್ಡ ನಂಬರಿನವರು ಪವರ್ ಇರುವ ಮಾಸ್ಕ್ ಇದೆಯೇ ಎಂದು ಮೊದಲೇ ಕೇಳಿ.

ಹಂತ 4: ಹಿಂದಿನ ದಿನವೇ ಹೊರಡಿ

ದಾವಣಗೆರೆಯಿಂದ ಹೊನ್ನಾಳಿ, ಶಿವಮೊಗ್ಗ, ಸಾಗರ, ತಾಳಗುಪ್ಪ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಅಲ್ಲಿಂದ ದಕ್ಷಿಣಕ್ಕೆ ಹೆದ್ದಾರಿ 66ರಲ್ಲಿ ಮುರುಡೇಶ್ವರ. ಚಿತ್ರದುರ್ಗದವರು ಹೊಳಲ್ಕೆರೆ ಮೇಲೆ ಶಿವಮೊಗ್ಗ ಸೇರಿದರೆ ಮುಂದೆ ಇದೇ ದಾರಿ. ಕಾರಿನಲ್ಲಿ ಊಟ, ಚಹಾ ಸೇರಿ ಆರೇಳು ಗಂಟೆ ಹಿಡಿಯಿರಿ. ಬಸ್ಸಾದರೆ ಶಿವಮೊಗ್ಗದಲ್ಲಿ ಬದಲಿಸುವ ಲೆಕ್ಕ ಇಟ್ಟುಕೊಳ್ಳಿ. ಮುರುಡೇಶ್ವರದಲ್ಲಿ ಕೊಂಕಣ ರೈಲಿನ ನಿಲ್ದಾಣ ಇದೆ, ಆದರೆ ನಮ್ಮ ಕಡೆಯಿಂದ ನೇರ ರೈಲು ಮಾರ್ಗ ಇಲ್ಲ. ಶಿವಮೊಗ್ಗದ ಹಳಿ ತಾಳಗುಪ್ಪದಲ್ಲೇ ಮುಗಿಯುತ್ತದೆ.

ರಾತ್ರಿ ಹತ್ತಕ್ಕೆ ಟೆಂಪೋ ಟ್ರಾವೆಲರ್ ಹತ್ತಿ, ಬೆಳಗಿನ ಜಾವ ಘಾಟಿಯ ತಿರುವುಗಳಲ್ಲಿ ಕುಲುಕಿ, ಏಳಕ್ಕೆ ನೇರ ಬೋಟು ಹತ್ತುವ ಯೋಜನೆ ನಮ್ಮ ಕಡೆ ಬಲು ಜನಪ್ರಿಯ. ಲಾಡ್ಜಿನ ಬಾಡಿಗೆ ಉಳಿಯುತ್ತದೆ, ನಿಜ. ಆದರೆ ನಿದ್ದೆಗೆಟ್ಟ ದೇಹಕ್ಕೆ ಕಡಲ ವಾಕರಿಕೆ ಬೇಗ ಹತ್ತುತ್ತದೆ, ಘಾಟಿಯ ತಿರುವಿನಲ್ಲೇ ಹೊಟ್ಟೆ ಅರ್ಧ ಕೆಟ್ಟಿರುತ್ತದೆ. ಬೋಟಿನ ಹಣ ಕಟ್ಟಿ ಬೋಟಿನ ಹಲಗೆಯ ಮೇಲೆ ಮಲಗಿ ಬರುವವರಲ್ಲಿ ಇಂಥವರೇ ಹೆಚ್ಚು. ಮಧ್ಯಾಹ್ನದೊಳಗೆ ಊರು ಬಿಟ್ಟು, ಸಂಜೆ ಮುರುಡೇಶ್ವರ ಸೇರಿ, ಹತ್ತಕ್ಕೆ ಮಲಗಿ. ಅಂದು ರಾತ್ರಿ ಮದ್ಯ ಬೇಡವೇ ಬೇಡ.

ಹಂತ 5: ಹೊಟ್ಟೆ, ಮಾತ್ರೆ, ಮೈಮೇಲಿನ ಬಟ್ಟೆ

ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿ ಆಗುವುದಿಲ್ಲ ಎಂಬ ನಂಬಿಕೆ ತಪ್ಪು. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಇನ್ನೂ ಯಾತನೆ. ಬೋಟಿಗೆ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ, ಬಾಳೆಹಣ್ಣು, ಒಣ ಬ್ರೆಡ್, ಇಷ್ಟು ಸಾಕು. ಬೆಣ್ಣೆ ದೋಸೆಯ ಊರಿನವರಿಗೆ ಹೇಳಲು ಸಂಕಟ, ಆದರೂ ಆ ಬೆಳಿಗ್ಗೆ ಬೆಣ್ಣೆ, ಎಣ್ಣೆ, ಖಾರ, ಹಾಲು ದೂರ ಇರಲಿ. ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣವನ್ನು ಬೋಟಿಗೆ ತರುವ ಗುಂಪುಗಳೂ ಇವೆ. ಕರಿದ ಎಣ್ಣೆಯ ವಾಸನೆ ಪಕ್ಕದವರ ಹೊಟ್ಟೆಯನ್ನೂ ತೊಳಸುತ್ತದೆ. ಅದನ್ನು ದಡಕ್ಕೆ ಬಂದ ಮೇಲೆ ಬಿಚ್ಚಿ.

ಬಸ್ಸಿನಲ್ಲಿ ವಾಂತಿ ಆಗುವವರಿಗೆ ಬೋಟಿನಲ್ಲೂ ಆಗುವ ಸಂಭವ ಹೆಚ್ಚು. ಪ್ರಯಾಣದ ವಾಂತಿಗೆಂದೇ ಇರುವ ಮಾತ್ರೆಗಳಿವೆ: ಪ್ರೊಮೆಥಜಿನ್ (ಅವೋಮಿನ್ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತ), ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್. ಯಾವುದು, ಎಷ್ಟು ಎಂಬುದನ್ನು ಊರಲ್ಲೇ ವೈದ್ಯರನ್ನು ಕೇಳಿಕೊಳ್ಳಿ. ಇವು ನಿದ್ದೆ ತರುತ್ತವೆ, ಬೇರೆ ಮಾತ್ರೆ ನುಂಗುವವರಿಗೂ ಮಕ್ಕಳಿಗೂ ಲೆಕ್ಕ ಬೇರೆ. ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಒಂದು, ವಾಕರಿಕೆ ಶುರುವಾದ ಮೇಲೆ ನುಂಗುವುದು. ಇವನ್ನು ಬೋಟು ಹೊರಡುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲು ನುಂಗಿರಬೇಕು. ಇನ್ನೊಂದು, ವಾಂತಿ ಎಂದರೆ ಮೆಡಿಕಲ್ ಶಾಪಿನವರು ಕೊಡುವ ಒಂಡಾನ್ಸೆಟ್ರಾನ್ ಹಿಡಿದುಕೊಂಡು ಹೋಗುವುದು. ಅದು ಹೊಟ್ಟೆ ಕೆಟ್ಟ ವಾಂತಿಗೆ ಒಳ್ಳೆಯದು, ಕಡಲ ಕುಲುಕಾಟದ ವಾಕರಿಕೆಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಬಟ್ಟೆ: ಮೈಗೆ ಅಂಟುವ ತುಂಬುತೋಳಿನ ನೈಲಾನ್ ಟೀ ಶರ್ಟ್, ಮಂಡಿ ಕೆಳಗಿನವರೆಗೆ ಬರುವ ಲೆಗಿಂಗ್ಸ್ ಅಥವಾ ಶಾರ್ಟ್ಸ್. ಜೀನ್ಸ್, ಚೂಡಿದಾರ, ದುಪಟ್ಟಾ, ಲುಂಗಿ ನೀರಿಗೆ ಆಗದು. ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತುತ್ತವೆ. ತೇಲುವಾಗ ಬಿಸಿಲು ಬೀಳುವುದು ಬೆನ್ನಿಗೆ, ಕತ್ತಿನ ಹಿಂಭಾಗಕ್ಕೆ, ಮೀನಖಂಡಕ್ಕೆ. ನೀರು ತಂಪಾಗಿರುವುದರಿಂದ ಸುಟ್ಟದ್ದು ಗೊತ್ತಾಗುವುದು ರಾತ್ರಿ ಮಲಗಿದಾಗ. ಬಟ್ಟೆಯಿಂದ ಮುಚ್ಚುವುದೇ ಸನ್‌ಸ್ಕ್ರೀನ್‌ಗಿಂತ ಒಳ್ಳೆಯ ಉಪಾಯ, ಹವಳಕ್ಕೂ ಕ್ಷೇಮ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಕ್ರೀಮುಗಳು ಹವಳಕ್ಕೆ ಹಾನಿ ಎಂಬ ಕಾರಣಕ್ಕೆ ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟವನ್ನೇ ನಿರ್ಬಂಧಿಸಿದ್ದಾರೆ.

ಒಡವೆ ಎಲ್ಲ ಕೋಣೆಯಲ್ಲಿ ಬಿಡಿ. ನೀರಲ್ಲಿ ಬೆರಳು ಸುಕ್ಕಿ ಉಂಗುರ ಜಾರುತ್ತದೆ, ಅದು ಹೋಗಿ ಬೀಳುವ ಆಳಕ್ಕೆ ಯಾರೂ ಇಳಿಯುವುದಿಲ್ಲ. ದೊಡ್ಡ ಮೂಗುಬೊಟ್ಟು ಮಾಸ್ಕಿನ ಮೂಗಿನ ಜಾಗದಲ್ಲಿ ಒತ್ತುತ್ತದೆ. ತೆಗೆಯಲು ಬರುವಂತಿದ್ದರೆ ತೆಗೆಯಿರಿ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಟೀ ಶರ್ಟಿನೊಳಗೆ ಹಾಕಿ ಪಿನ್ ಮಾಡಿಕೊಳ್ಳಿ.

ಮೊಬೈಲಿಗೆ ಪ್ಲಾಸ್ಟಿಕ್ ಚೀಲ ತಂದಿದ್ದರೆ ಹಿಂದಿನ ರಾತ್ರಿ ಪರೀಕ್ಷಿಸಿ: ಒಳಗೆ ಟಿಶ್ಯೂ ಕಾಗದ ಇಟ್ಟು, ಮುಚ್ಚಿ, ಬಕೆಟ್ಟಿನ ತಳದಲ್ಲಿ ಅರ್ಧ ಗಂಟೆ ಒತ್ತಿಡಿ. ಕಾಗದ ಒಣಗಿದ್ದರೆ ಮೊಬೈಲ್ ಹಾಕಿ. ನೀರೊಳಗೆ ಸ್ಕ್ರೀನ್ ಮುಟ್ಟಿದರೆ ಕೆಲಸ ಮಾಡದು. ಕ್ಯಾಮೆರಾ ಮೊದಲೇ ತೆರೆದು ವಾಲ್ಯೂಮ್ ಬಟನ್ನಿನಿಂದ ಕ್ಲಿಕ್ಕಿಸಿ.

ಹಂತ 6: ಬೋಟಿನಲ್ಲಿ

ದ್ವೀಪ ತಲುಪಲು ಒಂದರಿಂದ ಒಂದೂವರೆ ಗಂಟೆ. ಹತ್ತಿದ ಕೂಡಲೇ ಜಾಕೆಟ್ ಹಾಕಿ, ಎಲ್ಲ ಬಕಲ್ ಬಿಗಿಯಿರಿ. ಯಾರಾದರೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಕಿವಿಯವರೆಗೆ ಎದ್ದು ಬಂದರೆ ನೀರಲ್ಲೂ ಹಾಗೇ ಎದ್ದು ಮುಖಕ್ಕೆ ಒತ್ತುತ್ತದೆ, ಇನ್ನೂ ಬಿಗಿಯಬೇಕು ಅಥವಾ ಸಣ್ಣ ಅಳತೆ ಕೇಳಬೇಕು.

ಕೂರುವ ಜಾಗ: ನಡು ಅಥವಾ ಹಿಂಭಾಗ, ಡೀಸೆಲ್ ಹೊಗೆ ಬಾರದ ಕಡೆ. ಮೂತಿಯಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಕುಲುಕಾಟವೂ ಅಲ್ಲೇ ಹೆಚ್ಚು. ಮೊಬೈಲ್ ನೋಡಬೇಡಿ. ದೂರದ ಅಲುಗದ ವಸ್ತುವಿನ ಮೇಲೆ ಕಣ್ಣಿಡಿ. ಹೋಗುವಾಗ ಹಿಂದೆ 123 ಅಡಿಯ ಶಿವನ ಮೂರ್ತಿ ಬಹಳ ದೂರದವರೆಗೆ ಕಾಣುತ್ತಿರುತ್ತದೆ, ಅದು ಮರೆಯಾದ ಮೇಲೆ ಬಾನಂಚು. ಕಣ್ಣಿಗೆ ಸ್ಥಿರ, ಒಳಕಿವಿಗೆ ಅಲುಗಾಟ ಎಂಬ ಎರಡು ಬೇರೆ ಸುದ್ದಿ ಮಿದುಳಿಗೆ ಹೋದಾಗಲೇ ಹೊಟ್ಟೆ ತೊಳಸುವುದು.

ಬೋಟು ಓಡುವಾಗ ಚೆನ್ನಾಗಿದ್ದವರೂ ಲಂಗರು ಹಾಕಿ ನಿಂತ ಹತ್ತೇ ನಿಮಿಷಕ್ಕೆ ಬಿಳಿಚಿಕೊಳ್ಳುತ್ತಾರೆ. ನಿಂತ ಬೋಟು ಅಡ್ಡಡ್ಡ ಹೊರಳುತ್ತದೆ, ಗಾಳಿಯೂ ಇಲ್ಲ. ಆದ್ದರಿಂದ ವಾಕರಿಕೆಯ ಸ್ವಭಾವದವರು ಮೊದಲ ತಂಡದಲ್ಲೇ ನೀರಿಗೆ ಇಳಿಸಲು ಹೇಳಿ. ನೀರಿಗೆ ಬಿದ್ದ ಮೇಲೆ ಬಹುಪಾಲು ಜನರಿಗೆ ಹಿತ ಅನ್ನಿಸುತ್ತದೆ. ವಾಂತಿ ಬಂದೇ ಬಂದರೆ ನಾಚಿಕೆ ಬೇಡ, ಗಾಳಿ ಹೊರಗೆ ಹೋಗುವ ಬದಿಗೆ ಹೋಗಿ. ಎದುರುಗಾಳಿಯ ಬದಿಯಲ್ಲಿ ಬಾಗಿದರೆ ಅಷ್ಟೂ ನಿಮ್ಮ ಮೇಲೇ.

ಹಂತ 7: ನೀರಿಗೆ

ಮಾಸ್ಕ್ ಕೂರುತ್ತದೆಯೇ ಎಂದು ನೋಡುವುದು ಹೀಗೆ: ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬೀಳದೆ ಹಾಗೇ ಹಿಡಿದುಕೊಂಡರೆ ಅದು ನಿಮ್ಮದು. ಬಿದ್ದರೆ ಬೇರೆಯದು ಕೇಳಿ, ಸಂಕೋಚ ಬೇಡ. ಸೋರಿದಾಗ ಪಟ್ಟಿ ಬಿಗಿಯುವುದು ಎಲ್ಲರ ಮೊದಲ ತಪ್ಪು. ಬಿಗಿದಷ್ಟೂ ರಬ್ಬರಿನ ಅಂಚು ಮಡಚಿ ಇನ್ನೂ ಸೋರುತ್ತದೆ, ತಲೆನೋವು ಬೇರೆ. ಸೋರಲು ಕಾರಣ ಸಾಮಾನ್ಯವಾಗಿ ಅಂಚಿನೊಳಗೆ ಸಿಕ್ಕ ಕೂದಲೆಳೆ ಅಥವಾ ಮೀಸೆ. ಹಣೆಯ ಕೂದಲನ್ನು ಪೂರ್ತಿ ಹಿಂದೆ ಸರಿಸಿ. ದಪ್ಪ ಮೀಸೆಯವರು ಮೂಗಿನ ಕೆಳಗೆ ಒಂದೆಳೆ ಅಗಲ ಬೋಳಿಸಿಕೊಂಡರೆ ಸಾಕು, ಮೀಸೆಯ ಗತ್ತಿಗೆ ಭಂಗ ಬಾರದು.

ಮಂಜು ಕಟ್ಟದಿರಲು ಒಣ ಗಾಜಿನ ಒಳಮೈಗೆ ಎಂಜಲು ಉಗಿದು, ಬೆರಳಿನಿಂದ ಸವರಿ, ಒಂದೇ ಸಲ ನೀರಾಡಿಸಿ ಹಾಕಿಕೊಳ್ಳಿ. ಮಡಿ ಮೈಲಿಗೆ ನೋಡುವವರು ನೀರು ಬೆರೆಸಿದ ಬೇಬಿ ಶಾಂಪೂ ಎರಡು ಹನಿ ಬಳಸಿ. ಮಾಸ್ಕ್ ಹಾಕಿದ ಮೇಲೆ ಮೂಗಿನಿಂದ ಉಸಿರು ಬಿಡುತ್ತಿದ್ದರೂ ಮಂಜು ಕಟ್ಟುತ್ತದೆ.

ಕೊಳವೆ ಎಡಬದಿಗೆ. ರಬ್ಬರಿನ ತುದಿಯನ್ನು ತುಟಿ ಮತ್ತು ಹಲ್ಲಿನ ನಡುವೆ ಇಟ್ಟು, ಎರಡು ಸಣ್ಣ ಗುಬುಟುಗಳನ್ನು ಮೆಲ್ಲಗೆ ಕಚ್ಚಿ, ತುಟಿ ಮುಚ್ಚಿ. ಬಿಗಿಯಾಗಿ ಕಚ್ಚಿದರೆ ಹದಿನೈದು ನಿಮಿಷಕ್ಕೆ ದವಡೆ ನೋಯುತ್ತದೆ.

ಏಣಿಯಿಂದ ಬೆನ್ನು ನೀರಿನ ಕಡೆ ಮಾಡಿ ಇಳಿಯಿರಿ, ನೆಗೆಯಬೇಡಿ. ಗೈಡ್ ಹಿಡಿದ ತೇಲುವ ರಿಂಗನ್ನು ಎರಡು ಕೈಯಿಂದ ಹಿಡಿದು, ಕೂಡಲೇ ಮುಖ ಅದ್ದದೆ, ಒಂದು ನಿಮಿಷ ತಲೆ ಎತ್ತಿಕೊಂಡೇ ಕೊಳವೆಯಲ್ಲಿ ಉಸಿರಾಡಿ. ಉಸಿರು ಹದಕ್ಕೆ ಬಂದ ಮೇಲೆ ಮುಖ ಇಳಿಸಿ. ಜಾಕೆಟ್ ನಿಮ್ಮನ್ನು ನೆಟ್ಟಗೆ ನಿಲ್ಲಿಸಲು ನೋಡುತ್ತದೆ. ರಿಂಗಿನ ಮೇಲೆ ಕೈ ಚಾಚಿ, ಹೊಟ್ಟೆ ಸಡಿಲಿಸಿ, ಕಾಲನ್ನು ಹಿಂದಕ್ಕೆ ತೇಲಿಬಿಡಿ. ಕಾಲು ಆಡಿಸಬೇಕಾದರೆ ಸೊಂಟದಿಂದ, ನಿಧಾನವಾಗಿ. ಸೈಕಲ್ ತುಳಿದಂತೆ ಮಂಡಿ ಮಡಚಿದರೆ ಮುಂದೆ ಹೋಗುವುದಿಲ್ಲ, ಸುಸ್ತು ಮಾತ್ರ.

ಮೂರು ಸಂದರ್ಭ ಬಂದೇ ಬರುತ್ತವೆ, ಮೊದಲೇ ತಿಳಿದಿರಲಿ.

1. ಕೊಳವೆಗೆ ನೀರು ಬಂತು. ಉಸಿರು ಎಳೆಯಬೇಡಿ. "ಟೂ" ಎಂದು ಒಮ್ಮೆಲೇ ಜೋರಾಗಿ ಊದಿ. ಊದುಗೊಳವೆಯಲ್ಲಿ ಒಲೆ ಊದಿದ ಹಾಗೆ. ಮುಂದಿನ ಉಸಿರನ್ನು ಎಚ್ಚರಿಕೆಯಿಂದ, ಸಣ್ಣದಾಗಿ ಎಳೆದು ನೋಡಿ. ಊದಲು ಉಸಿರೇ ಇಲ್ಲದಿದ್ದರೆ ತಲೆ ಎತ್ತಿ ಕೊಳವೆ ಉಗುಳಿ. ಜಾಕೆಟ್ ಇದೆ, ನೀವು ಮುಳುಗುವುದಿಲ್ಲ.
2. ಮಾಸ್ಕಿಗೆ ನೀರು ಬಂತು. ತಲೆ ಎತ್ತಿ ಕೆಳ ಅಂಚನ್ನು ಸ್ವಲ್ಪ ಎಳೆದರೆ ಸುರಿದು ಹೋಗುತ್ತದೆ. ನೀರೊಳಗೇ ಮಾಡುವುದಾದರೆ ಮೇಲಂಚನ್ನು ಹಣೆಗೆ ಒತ್ತಿ, ಮುಖ ತುಸು ಮೇಲೆತ್ತಿ, ಮೂಗಿನಿಂದ ಉಸಿರು ಬಿಡಿ. ಹಣೆಗೆ ಏರಿಸಿಕೊಳ್ಳಬೇಡಿ; ಅಲೆ ಬಡಿದು ಕಳಚಿ ತಳ ಸೇರುವುದು ಹಾಗೆಯೇ.
3. ಕಾಲಿಗೆ ಸೆಳೆತು ಬಂತು, ಅಂದರೆ ಮೀನಖಂಡ ಹಿಡಿದುಕೊಂಡಿತು. ಹೆಬ್ಬೆರಳು ಹಿಡಿದು ನಿಮ್ಮ ಕಡೆಗೆ ಎಳೆದುಕೊಳ್ಳಿ, ಗೈಡಿಗೆ ಹೇಳಿ.

ಕೈಸನ್ನೆ ಮೊದಲೇ ಮಾತಾಡಿಕೊಳ್ಳಿ. ಹೆಬ್ಬೆರಳು ಮೇಲೆತ್ತಿದರೆ ನಮಗೆ "ಚೆನ್ನಾಗಿದೆ", ಸ್ಕೂಬಾದವರಿಗೆ "ಮೇಲೆ ಹೋಗೋಣ". ಹೆಬ್ಬೆರಳು ತೋರುಬೆರಳು ಸೇರಿಸಿದ ಸೊನ್ನೆಯೇ ಅವರ "ಸರಿ ಇದ್ದೇನೆ".

ಈಜು ಚೆನ್ನಾಗಿ ಬರುವ ಹುಡುಗರಿಗೆ ಒಂದು ಎಚ್ಚರಿಕೆ: ಜಾಕೆಟ್ ಬಿಚ್ಚಿ, ಐದಾರು ಸಲ ಜೋರಾಗಿ ಉಸಿರೆಳೆದು ಬಿಟ್ಟು, ಉಸಿರು ಕಟ್ಟಿ ಮುಳುಗುವ ಪಂದ್ಯ ಕಟ್ಟಬೇಡಿ. ಹಾಗೆ ಉಸಿರಾಡಿದರೆ ಉಸಿರು ಬೇಕು ಎಂದು ಎಚ್ಚರಿಸುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಆಮ್ಲಜನಕ ಮಾತ್ರ ಹೆಚ್ಚೇನೂ ಸೇರುವುದಿಲ್ಲ. ಸೂಚನೆಯೇ ಇಲ್ಲದೆ ನೀರೊಳಗೆ ಪ್ರಜ್ಞೆ ತಪ್ಪುತ್ತದೆ. ಒಳ್ಳೆಯ ಈಜುಗಾರರು ಸಾಯುವ ಬಗೆಗಳಲ್ಲಿ ಇದೂ ಒಂದು.

ಹಂತ 8: ನೋಡುವುದು, ಮುಟ್ಟದಿರುವುದು

ಬಂಡೆಯ ಇಳಿಜಾರಿನ ಮೇಲೆ ಹವಳ. ಮೊದಲ ನೋಟಕ್ಕೆ ಕಂದು, ಬೂದು ಬಣ್ಣದ ಕಲ್ಲಿನಂತೆ ಕಂಡು ಕೆಲವರಿಗೆ ನಿರಾಸೆ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಕೆಲವೇ ಮೀಟರ್ ಆಳದಲ್ಲಿ ಎಲ್ಲವೂ ನೀಲಿ ಹಸಿರು. ಟಿವಿಯಲ್ಲಿ ಕಂಡ ಬಣ್ಣ ದೀಪ ಹಾಕಿ ತೆಗೆದದ್ದು. ಒಂದೇ ಜಾಗದಲ್ಲಿ ಎರಡು ನಿಮಿಷ ಅಲುಗಾಡದೆ ತೇಲಿ, ಆಗ ಬಚ್ಚಿಟ್ಟುಕೊಂಡವು ಹೊರಬರುತ್ತವೆ: ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಮೀನಿನ ಗುಂಪು, ಜೋಡಿಯಾಗಿ ತಿರುಗುವ ಚಿಟ್ಟೆಮೀನು, ಗಿಣಿಕೊಕ್ಕಿನಂಥ ಬಾಯಿಂದ ಬಂಡೆ ಕೆರೆಯುವ ಗಿಣಿಮೀನು. ಕಿವಿಗೊಟ್ಟರೆ ಆ ಕೆರೆತದ ಕಟಕಟ ಸದ್ದೂ ಕೇಳುತ್ತದೆ. ಅದೃಷ್ಟ ಇದ್ದರೆ ಕಡಲಾಮೆ. ಬಿಸ್ಕತ್ತು, ಬ್ರೆಡ್ ಹಾಕಬೇಡಿ.

ಹವಳ ಕಲ್ಲಲ್ಲ, ಸಣ್ಣ ಜೀವಿಗಳ ಕೇರಿ. ಅದರ ಮೇಲೆ ನಿಂತರೆ ಅದೂ ಸಾಯುತ್ತದೆ, ನಿಮ್ಮ ಕಾಲೂ ಕೊಯ್ಯುತ್ತದೆ. ಒಡೆದು ಬಿದ್ದ ತುಂಡನ್ನೂ ನೆನಪಿಗೆಂದು ತರುವಂತಿಲ್ಲ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿಯ ಸಾಲಿನಲ್ಲೇ.

ಕಚ್ಚುವ ಕುಟುಕುವವುಗಳಲ್ಲಿ ಮೇಲೆ ತೇಲುವವರಿಗೆ ಎದುರಾಗುವುದು ಮುಖ್ಯವಾಗಿ ಲೋಳೆಮೀನು. ತಾಗಿದರೆ ಉರಿ. ಕೈಯಿಂದ ಉಜ್ಜಬೇಡಿ, ಮರಳು ತಿಕ್ಕಬೇಡಿ, ಕುಡಿಯುವ ನೀರಲ್ಲಿ ತೊಳೆಯಬೇಡಿ. ಸಿಹಿನೀರು ತಾಗಿದರೆ ಚರ್ಮಕ್ಕೆ ಅಂಟಿದ ಸಿಡಿಯದ ವಿಷಕೋಶಗಳೂ ಸಿಡಿಯುತ್ತವೆ. ಸಮುದ್ರದ ನೀರಲ್ಲೇ ತೊಳೆದು, ಎಳೆಗಳಿದ್ದರೆ ಚಿಮಟದಿಂದ ತೆಗೆದು, ದಡಕ್ಕೆ ಬಂದ ಮೇಲೆ ಚರ್ಮ ಸುಡದಷ್ಟು ಬಿಸಿನೀರಲ್ಲಿ (ಸುಮಾರು 45 ಡಿಗ್ರಿ) ಇಪ್ಪತ್ತು ನಿಮಿಷ ಅದ್ದಿಡಿ. ಉಸಿರಾಟ ಬಿಗಿದರೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆ. ಹವಳ ಕೊಯ್ದ ಗಾಯ ಸಣ್ಣದೆಂದು ಬಿಡಬೇಡಿ, ಒಳಗೆ ಚೂರು ಉಳಿದು ಕೀವಾಗುತ್ತದೆ. ಸೋಪು ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ.

ಹಂತ 9: ವಾಪಸ್ ಬರುವಾಗ

ದಡಕ್ಕೆ ಬಂದ ಮೇಲೂ ನೆಲ ತೂಗಿದಂತೆ ಅನ್ನಿಸುವುದು ಸಹಜ, ಸಾಮಾನ್ಯವಾಗಿ ರಾತ್ರಿಯೊಳಗೆ ಇಳಿಯುತ್ತದೆ. ಓಆರ್‌ಎಸ್ ಅಥವಾ ಉಪ್ಪು ಸಕ್ಕರೆ ಹಾಕಿದ ಲಿಂಬೆ ಪಾನಕ ಕುಡಿಯಿರಿ. ವಾಕರಿಕೆಯ ಮಾತ್ರೆ ನುಂಗಿದವರು ಸ್ಟೀರಿಂಗ್ ಹಿಡಿಯಬೇಡಿ.

ಗುಂಪಿನಲ್ಲಿ ಯಾರಾದರೂ ಸ್ಕೂಬಾ ಮಾಡಿದ್ದರೆ ಇನ್ನೊಂದು ಲೆಕ್ಕ ಇದೆ, ಬಯಲುಸೀಮೆಯವರು ಇದನ್ನು ಯೋಚಿಸುವುದೇ ಇಲ್ಲ. ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ರಕ್ತದಲ್ಲಿ ಸಾರಜನಕ ಕರಗಿರುತ್ತದೆ. ಅದು ನಿಧಾನವಾಗಿ ಹೊರಬರಬೇಕು. ಕೂಡಲೇ ಎತ್ತರಕ್ಕೆ ಹೋದರೆ, ಸೋಡಾ ಬಾಟಲಿ ತೆರೆದಂತೆ, ಗುಳ್ಳೆ ಏಳುವ ಅಪಾಯ. ವಿಮಾನಕ್ಕೆ ಹೇಳುವ ನಿಯಮ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆದರೆ 18 ಗಂಟೆ ಕಾಯಬೇಕು. ಘಾಟಿ ಹತ್ತುವುದೂ ಎತ್ತರಕ್ಕೆ ಹೋಗುವುದೇ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ 700 ಮೀಟರಿಗೂ ಮೇಲೆ. ಹೊಸಬರ ಚಿಕ್ಕ ಡೈವ್‌ನಲ್ಲಿ ಅಪಾಯ ಕಡಿಮೆಯೇ, ಆದರೂ ಆ ರಾತ್ರಿ ಕರಾವಳಿಯಲ್ಲೇ ಉಳಿದು ಬೆಳಿಗ್ಗೆ ಘಾಟಿ ಹತ್ತಿ. ಬರೀ ಸ್ನಾರ್ಕೆಲಿಂಗ್ ಮಾಡಿದವರಿಗೆ ಈ ನಿರ್ಬಂಧ ಇಲ್ಲ.

ಹಂತ 10: ಎರಡನೇ ದ್ವೀಪ ಬೇಕಿದ್ದರೆ

ಹಾಗೆ ಉಳಿದ ಮರುದಿನಕ್ಕೆ ಸೇಂಟ್ ಮೇರೀಸ್ ಸರಿಹೊಂದುತ್ತದೆ. ಮುರುಡೇಶ್ವರದಿಂದ ಹೆದ್ದಾರಿಯಲ್ಲಿ ಉಡುಪಿ ಕಡೆಗೆ ಸುಮಾರು ನೂರು ಕಿ.ಮೀ., ಅಲ್ಲಿಂದ ಮಲ್ಪೆ. ಲಾವಾ ಆರಿ ಗಟ್ಟಿಯಾದಾಗ ಸೀಳಿ ನಿಂತ ಕಂಬದಂಥ ಕಲ್ಲುಗಳ ದ್ವೀಪ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂಬ ಮಾತೂ ಇದೆ. ಮಾಸ್ಕ್, ಕೊಳವೆಗೆ ಇಲ್ಲಿ ಕೆಲಸ ಇಲ್ಲ, ನಡೆದು ನೋಡುವ ಜಾಗ. ದೊಡ್ಡ ಬೋಟು ದ್ವೀಪದವರೆಗೆ ಹೋಗುವುದಿಲ್ಲ. ನಡುನೀರಲ್ಲಿ ಸಣ್ಣ ದೋಣಿಗೆ ಬದಲಿಸಬೇಕು. ಆಗ ಎರಡು ದೋಣಿಯ ನಡುವೆ ಕೈ ಇಡಬೇಡಿ, ಬೆರಳು ಜಜ್ಜಿಕೊಳ್ಳುವುದು ಅಲ್ಲೇ. ಕಲ್ಲು ಕಂಬಗಳ ಮೇಲೆ ಪಾಚಿ ಇರುವ ಕಪ್ಪು ಪಟ್ಟಿಯನ್ನು ತುಳಿಯದೆ ಅದರ ಮೇಲಿನ ಒಣ ಭಾಗದಲ್ಲೇ ನಡೆಯಿರಿ. ಹವಾಯಿ ಚಪ್ಪಲಿ ಜಾರುತ್ತದೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಇಳಿದ ಕೂಡಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ನಾವಿಕರನ್ನೇ ಕೇಳಿ, ಗುಂಪಿನ ಎಲ್ಲರ ಮೊಬೈಲಿನಲ್ಲೂ ಅರ್ಧ ಗಂಟೆ ಮೊದಲಿಗೆ ಅಲಾರಂ ಇಡಿಸಿ.